ನಡುವಿನ ಚಿತ್ರ

ಶಿಷ್ಯನೊಬ್ಬ ಕೇಳಿದ: “ಗುರುಗಳೇ, ಸಂಶಯ ಬಂದರೆ ಮನಸ್ಸು ಮಸುಕಾಗುತ್ತದೆ ಎನ್ನುತ್ತಾರೆ. ಆದರೆ ಯಾರ ಮೇಲಾದರೂ ನನಗೆ ಸಂಶಯ ಬಂದಾಗ ಎಲ್ಲವೂ ಸ್ಪಷ್ಟವಾಗಿಯೇ ಕಾಣುತ್ತದೆ. ಇದು ಹೇಗೆ?”

ಗುರುಗಳು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ವ್ಯಾಪಾರಿ ವಿಡಿಯೊ ಗೇಮ್ ಅಂಗಡಿ ಇಟ್ಟಿದ್ದ. ಅವನ ಆಟದ ಯಂತ್ರ ಹಳೆಯದು. ಸೆಕೆಂಡಿಗೆ ಮೂವತ್ತು ಚಿತ್ರಗಳನ್ನಷ್ಟೇ ಕಳಿಸುತ್ತಿತ್ತು. ಹೊಸದಾಗಿ ತಂದ ದೊಡ್ಡ ಟೀವಿಯಲ್ಲಿ ಆ ಕೊರತೆ ಎದ್ದು ಕಂಡಿತು. ಆಟದ ಕಾರುಗಳು ಓಡುವ ಬದಲು ಕುಪ್ಪಳಿಸಿದಂತೆ ಕಾಣುತ್ತಿದ್ದವು. ಗಿರಾಕಿಗಳು ಗೊಣಗಿದರು. ವ್ಯಾಪಾರಿ ಟೀವಿಯ ಸೆಟ್ಟಿಂಗ್‌ನಲ್ಲಿ ಹುಡುಕಿ ಒಂದು ಸೌಲಭ್ಯವನ್ನು ಆನ್ ಮಾಡಿದ. ಅಂದಿನಿಂದ ಟೀವಿಯು, ಯಂತ್ರ ಕಳಿಸಿದ ಎರಡು ಚಿತ್ರಗಳ ನಡುವೆ ತಾನೇ ಒಂದನ್ನು ಊಹಿಸಿ ಸೇರಿಸತೊಡಗಿತು. ಕಾರುಗಳು ಎಣ್ಣೆಯ ಮೇಲೆ ಜಾರಿದಂತೆ ಓಡಿದವು. ಯಾರೂ ಕಾರಣ ಕೇಳಲಿಲ್ಲ.

ಆ ಅಂಗಡಿಗೆ ಒಬ್ಬ ದರ್ಜಿಯೂ ಒಬ್ಬ ಆಟೊ ಚಾಲಕನೂ ಭಾನುವಾರ ಆಡಲು ಬರುತ್ತಿದ್ದರು. ಇಬ್ಬರೂ ಬಾಲ್ಯದ ಗೆಳೆಯರು. ದರ್ಜಿಯ ತಾಯಿಗೆ ಕಣ್ಣು ಮಂಜಾಗಿತ್ತು. ಪ್ರತಿ ಸೋಮವಾರ ಆಕೆಯನ್ನು ಆಸ್ಪತ್ರೆಗೆ ಕರೆದೊಯ್ಯುತ್ತಿದ್ದವನು ಚಾಲಕನೇ. ಬೇರೆ ಯಾರ ಆಟೊವನ್ನೂ ಆಕೆ ಹತ್ತುತ್ತಿರಲಿಲ್ಲ.

ಎದುರಾಳಿಯ ಕಾರಿಗೆ ಗುದ್ದಿ ಗೆಲ್ಲಬಾರದು ಎಂಬುದು ಗೆಳೆಯರ ಒಪ್ಪಂದ. ಒಂದು ಭಾನುವಾರ ಕೊನೆಯ ತಿರುವಿನಲ್ಲಿ ದರ್ಜಿಯ ಕಾರು ರಸ್ತೆ ಬಿಟ್ಟು ಉರುಳಿತು. ಚಾಲಕ ಗೆದ್ದ.

“ಗುದ್ದಿದೆ ನೀನು,” ಎಂದ ದರ್ಜಿ.

“ಮುಟ್ಟಲೂ ಇಲ್ಲ ಕಣೋ. ಸೋತ ಮೇಲೆ ನಿನ್ನ ಕಣ್ಣು ಭಾರಿ ಚುರುಕಾಯಿತಲ್ಲ!”

ವ್ಯಾಪಾರಿ ಅದೇ ಓಟವನ್ನು ನಿಧಾನಗತಿಯಲ್ಲಿ ಮತ್ತೆ ತೋರಿಸಿದ. ತಿರುವಿನಲ್ಲಿ ಎರಡು ಕಾರುಗಳ ಅಂಚುಗಳು ಒಂದರೊಳಗೊಂದು ಬೆರೆತವು. “ಇಗೋ!” ಎಂದು ದರ್ಜಿ ಎದ್ದು ನಿಂತ.

ವ್ಯಾಪಾರಿಗೆ ಟೀವಿಯ ಮೇಲೆಯೇ ಅನುಮಾನ ಬಂತು. ಆ ಸೌಲಭ್ಯವನ್ನು ಆಫ್ ಮಾಡಿ ಇನ್ನೊಮ್ಮೆ ತೋರಿಸಿದ. ಒಂದು ಚಿತ್ರದಲ್ಲಿ ಕಾರುಗಳ ನಡುವೆ ಬೆರಳಗಲ ಜಾಗವಿತ್ತು. ಮುಂದಿನ ಚಿತ್ರದಲ್ಲಿ ದರ್ಜಿಯ ಕಾರು ರಸ್ತೆಯಂಚಿಗೆ ಹೊರಳಿತ್ತು. ಬೆರೆತ ಚಿತ್ರ ಎಲ್ಲಿಯೂ ಇರಲಿಲ್ಲ.

“ಅಣ್ಣಾ, ನೀವು ಕಂಡದ್ದು ಟೀವಿ ಬರೆದುಕೊಂಡ ಚಿತ್ರ. ಯಂತ್ರ ಅದನ್ನು ಕಳಿಸಿಯೇ ಇಲ್ಲ,” ಎಂದ ವ್ಯಾಪಾರಿ.

ದರ್ಜಿ ಇಬ್ಬರ ಮುಖವನ್ನೂ ನೋಡಿದ. “ನೀವಿಬ್ಬರೂ ಯಾವಾಗ ಒಂದಾದಿರಿ? ಈಗ ಟೀವಿ ತಡವರಿಸುತ್ತಿದೆ. ನಡುವೆ ಏನನ್ನೋ ಮುಚ್ಚಿಡುತ್ತಿದೆ. ಮೊದಲಿನಂತೆಯೇ ಹಾಕು. ಅದರಲ್ಲಿ ಎಲ್ಲವೂ ಕಾಣುತ್ತದೆ.”

ಮನೆಯ ದಾರಿಯಲ್ಲಿ ಅವನಿಗೆ ಇನ್ನಷ್ಟು ಕಂಡಿತು. ಹಿಂದೊಮ್ಮೆ ತನ್ನನ್ನು ನೋಡಿ ಚಾಲಕ ಮಾತು ನಿಲ್ಲಿಸಿದ್ದ. ಇನ್ನೊಮ್ಮೆ ತಾಯಿ ಚಾಲಕನ ಹೆಸರೆತ್ತಿ ಸುಮ್ಮನಾಗಿದ್ದಳು. ಈ ಎರಡರ ನಡುವೆ ಏನೇನು ನಡೆದಿರಬೇಕು ಎಂಬುದೆಲ್ಲ ಎಲ್ಲಿಯೂ ತಡೆಯದೆ ಅವನ ಕಣ್ಣ ಮುಂದೆ ಓಡಿತು.

ಮರುದಿನ ಬೆಳಿಗ್ಗೆ ಆಟೊ ಬಾಗಿಲಿಗೆ ಬಂತು. ದರ್ಜಿ ಬಾಗಿಲು ತೆರೆಯಲಿಲ್ಲ. ತಾಯಿ ಒಳಗೆ ಚಪ್ಪಲಿ ಮೆಟ್ಟಿ ಕುಳಿತಿದ್ದಳು. ಆಟೊದ ಸದ್ದು ಬೀದಿಯ ಕೊನೆಗೆ ಹೋಗಿ ಅಡಗಿತು.

“ಯಾಕಪ್ಪಾ, ಅವನು ಹೊರಟೇ ಹೋದನಲ್ಲ?” ಎಂದಳು.

ಆ ಸೋಮವಾರ ಆಕೆ ಆಸ್ಪತ್ರೆಗೆ ಹೋಗಲಿಲ್ಲ. ಮುಂದಿನ ಸೋಮವಾರವೂ ಹೋಗಲಿಲ್ಲ. ಕೊನೆಗೆ ಆಕೆಗೆ ಬಾಗಿಲು ಯಾವುದು, ಗೋಡೆ ಯಾವುದು ಎಂದು ತಿಳಿಯದಾಯಿತು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಸ್ವಲ್ಪ ಮುಂದಕ್ಕೆ ಸರಿದು ಕುಳಿತ.

“ಅದು ಸರಿ ಗುರುಗಳೇ, ಆದರೆ ಚಾಲಕ ನಿಜವಾಗಿ ಗುದ್ದಿದ್ದನೋ ಇಲ್ಲವೋ? ಏನೂ ಇಲ್ಲದೆ ಕಾರು ತಾನಾಗಿ ಹೊರಳೀತೇ? ಅಲ್ಲಿ ಏನೋ ನಡೆದೇ ಇರಬೇಕು.”

ಗುರುಗಳೆಂದರು: “ನೋಡು, ನಿನಗೂ ನಡುವೆ ಒಂದು ಚಿತ್ರ ಬೇಕಾಯಿತು.”