ಸೀದ ಪಾಯಸದ ಕೊಪ್ಪರಿಗೆ

"ಗುರುಗಳೇ, ನಾನು ಕಟ್ಟಿದ ಹಾಡುಗಳನ್ನು ಇನ್ನೊಬ್ಬರಿಗೆ ಕಲಿಸಲು ಭಯ. ನಾಳೆ ಅವರು ತಮ್ಮದೆಂದು ಹಾಡಿಕೊಂಡರೆ, ನನ್ನದೆಂದು ಹೇಗೆ ಸಾಧಿಸಲಿ?" ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ನಕ್ಕು ಈ ಕತೆ ಹೇಳಿದರು.

ಒಬ್ಬ ಅಜ್ಜಿಯ ಬಳಿ ಹಿತ್ತಾಳೆಯ ದೊಡ್ಡ ಕೊಪ್ಪರಿಗೆ ಇತ್ತು. ಬೀದಿಯಲ್ಲಿ ಯಾರ ಮನೆಯ ಮದುವೆಯಾದರೂ ಪಾಯಸ ಕುದಿಯುತ್ತಿದ್ದದ್ದು ಅದರಲ್ಲೇ. ಅಜ್ಜಿಯ ಮನೆಯಲ್ಲಿ ಇದ್ದದ್ದಕ್ಕಿಂತ ಅದು ಬೇರೆಯವರ ಮನೆಯಲ್ಲಿ ಇದ್ದದ್ದೇ ಹೆಚ್ಚು. ಎದುರುಮನೆಯ ವ್ಯಾಪಾರಿಯ ಬಳಿಯೂ ಅಂಥದೇ ಒಂದಿತ್ತು. ಅವನು ಅದನ್ನು ಕೋಣೆಯಲ್ಲಿಟ್ಟು ಬೀಗ ಹಾಕಿದ್ದ. ಹೊಳಪು ಹೋಗಬಾರದಲ್ಲ!

ಕಳ್ಳ ಬಂದು ಎರಡನ್ನೂ ಹೊತ್ತೊಯ್ದ. ಕೊರೆಸಿದ್ದ ಹೆಸರುಗಳನ್ನು ಅರದಿಂದ ಉಜ್ಜಿ, ಪೇಟೆಯ ಗಿರವಿ ಅಂಗಡಿಗೆ ಮಾರಿದ. ಬಿಡಿಸಿಕೊಳ್ಳದೆ ಉಳಿದ ಪಾತ್ರೆಗಳ ಹೆಸರು ಉಜ್ಜಿ, ಹೊರಮೈಗೆ ಹೊಳಪು ಕೊಟ್ಟು, ಬೋರಲು ಹಾಕಿ ಮಾರಾಟಕ್ಕಿಡುವುದು ಆ ಅಂಗಡಿಯ ಪದ್ಧತಿ. ಇವೆರಡೂ ಆ ಸಾಲಿಗೆ ಸೇರಿ ಹೋದವು.

ಅಜ್ಜಿ ಅತ್ತುಬಿಟ್ಟಳು. ಮೊಮ್ಮಗಳ ಮದುವೆ ಹತ್ತಿರ ಬಂದಿತ್ತು. ಎಲ್ಲರ ಮನೆಯ ಪಾಯಸ ಕುದಿಸಿದ ಪಾತ್ರೆಯಲ್ಲಿ ತನ್ನ ಮನೆಯದೂ ಕುದಿಯಬೇಕೆಂದು ಅವಳಿಗೆ ಆಸೆ.

ಕಳ್ಳ ಸಿಕ್ಕಿಬಿದ್ದು ಅಂಗಡಿ ಯಾವುದೆಂದು ಬಾಯಿಬಿಟ್ಟ. ವ್ಯಾಪಾರಿ ಮೊದಲು ಓಡಿದ. ಅಂಗಡಿಯವನು ಗುರುತು ಕೇಳಿದ. "ನನ್ನದು ಫಳಫಳ ಹೊಳೆಯುತ್ತೆ," ಎಂದ ವ್ಯಾಪಾರಿ. ಅಲ್ಲಿ ಎಲ್ಲವೂ ಹೊಳೆಯುತ್ತಿದ್ದವು.

ಆಮೇಲೆ ಅಜ್ಜಿ ಬಂದಳು. ಅವಳಿಗೂ ಗುರುತು ಹೇಳಲು ಬರಲಿಲ್ಲ. ಆದರೆ ಅವಳ ಹಿಂದೆ ಇಡೀ ಬೀದಿಯೇ ಬಂದಿತ್ತು.

"ಕಂಠದ ಒಳಗಡೆ ತಗ್ಗಿದೆ ನೋಡಿ. ನಮ್ಮ ಬೀಗರು ಬೀಳಿಸಿದ್ದು," ಎಂದಳು ಒಬ್ಬಳು. ಇನ್ನೊಬ್ಬಳು ಸ್ವಲ್ಪ ತಡವರಿಸಿದಳು. "ಬೈಬೇಡಿ ಅಜ್ಜಿ. ನನ್ನ ಮದುವೇಲಿ ಪಾಯಸ ಸೀದು ಹೋಗಿತ್ತು. ನಮ್ಮಮ್ಮ ಕುಡುಗೋಲು ತಗೊಂಡು ತಳ ಕೆರೆದ್ರು. ಆ ಗೀರು ಇನ್ನೂ ಇದೆ. ನಿಮಗೆ ಹೇಳೋಕೆ ಹೆದರಿಕೆ ಆಯ್ತು."

ಅಂಗಡಿಯವನು ಕೊಪ್ಪರಿಗೆಗಳನ್ನು ಒಂದೊಂದಾಗಿ ಎತ್ತಿ ನೋಡಿದ. ಒಂದರಲ್ಲಿ ತಗ್ಗೂ ಇತ್ತು, ಗೀರೂ ಇತ್ತು. ಅವನಿಗೆ ನಗು ತಡೆಯಲಾಗಲಿಲ್ಲ. "ತಗೊಂಡು ಹೋಗಿ ತಾಯಿ. ಇಷ್ಟು ಜನರ ಪಾತ್ರೆ ನನಗೆ ದಕ್ಕಲ್ಲ. ಮದುವೆಗೆ ನನ್ನನ್ನೂ ಕರೀರಿ," ಎಂದ.

ಅಜ್ಜಿ ಅವನನ್ನೂ ಕರೆದಳು, ವ್ಯಾಪಾರಿಯನ್ನೂ ಕರೆದಳು. ಕೊಪ್ಪರಿಗೆಯನ್ನು ಬೀದಿಯವರೇ ಹೊತ್ತು ತಂದರು, ಅವರೇ ಒಲೆ ಹೂಡಿದರು. ಮಾತಿನ ಸಂಭ್ರಮದಲ್ಲಿ ಸೌಟು ಆಡಿಸುವುದು ಮರೆತು ಆವತ್ತಿನ ಪಾಯಸವೂ ತುಸು ತಳ ಹಿಡಿಯಿತು. ಎಲ್ಲರೂ ಮತ್ತೆ ಮತ್ತೆ ಹಾಕಿಸಿಕೊಂಡು ಉಂಡರು.

ಶಿಷ್ಯ ಇನ್ನೂ ನಗುತ್ತಲೇ ಇದ್ದ. ಗುರುಗಳು ಕೇಳಿದರು:

"ಸರಿ, ನಿನ್ನ ಹಾಡು ಇದುವರೆಗೆ ಯಾರ ಮನೆಯಲ್ಲಿ ಸೀದಿದೆ?"