ಬಿಚ್ಚಲೊಲ್ಲದ ಗೂಡು

ಒಂದು ಕಾಡಿನಲ್ಲಿ, ಮಳೆಗಾಲಕ್ಕೆ ಇನ್ನು ಇಪ್ಪತ್ತೇ ದಿನ ಅನ್ನುವಾಗ, ಗೀಜಗ ಹಕ್ಕಿಗಳಿಗೆ ಉಸಿರಾಡಲು ಪುರುಸೊತ್ತಿರಲಿಲ್ಲ. ಕೆರೆ ಏರಿಯ ಮೇಲೆ ಒಂದು ದೊಡ್ಡ ಜಾಲಿಮರವಿತ್ತು. ಅದರ ಅರ್ಧ ಕೊಂಬೆಗಳು ನೀರಿನ ಮೇಲೆ ಚಾಚಿದ್ದವು, ಇನ್ನರ್ಧ ಕಾಲುದಾರಿಯ ಮೇಲೆ. ಗೀಜಗಗಳು ತಲೆತಲಾಂತರದಿಂದ ನೀರಿನ ಕಡೆಗೇ ಗೂಡು ಕಟ್ಟುತ್ತಿದ್ದವು.

ಅವುಗಳಲ್ಲಿ ಒಂದು ಪದ್ಧತಿಯಿತ್ತು. ಗಂಡು ಹಕ್ಕಿ ಅರ್ಧ ಗೂಡು ನೇಯ್ದು ನಿಲ್ಲಿಸಬೇಕು. ಹೆಣ್ಣು ಹಕ್ಕಿ ಬಂದು ಒಳಗಿನ ಅಡ್ಡಪಟ್ಟಿಯ ಮೇಲೆ ಕೂತು, ಒಂದೊಂದು ಎಳೆಯನ್ನೂ ಜಗ್ಗಿ ನೋಡುತ್ತಿತ್ತು. ಒಪ್ಪಿದರೆ ಉಳಿದರ್ಧ ನೇಯ್ಗೆ, ಆಮೇಲೆ ಸಂಸಾರ. ಒಪ್ಪದಿದ್ದರೆ ಬಿಚ್ಚಿ ಮೊದಲಿನಿಂದ ಶುರು. ಮೇಲ್ಮನವಿಗೆ ಅವಕಾಶವಿಲ್ಲ.

ದೇವು ಎಂಬ ಗೀಜಗನಿಗೆ ಅದು ಮೊದಲ ವರ್ಷ. ಐದು ದಿನ ಕಷ್ಟಪಟ್ಟು ಅರ್ಧ ಗೂಡು ನೇಯ್ದ. ನೇಯ್ದವನು ಅದರ ಪ್ರೀತಿಯಲ್ಲಿ ಬಿದ್ದ. ಬೆಳಿಗ್ಗೆ ಎಡಗಡೆಯಿಂದ ನೋಡುವನು, ಸಂಜೆ ಬಲಗಡೆಯಿಂದ ನೋಡುವನು. ದಾರಿಹೋಕ ಓತಿಕ್ಯಾತವನ್ನೂ ನಿಲ್ಲಿಸಿ ತೋರಿಸುವನು. ಮಳೆ ಬರುವುದರೊಳಗೆ ಯಾರೂ ಒಪ್ಪದಿದ್ದರೆ ಆ ವರ್ಷ ಅವನಿಗೆ ಹೆಂಡತಿಯೂ ಇಲ್ಲ, ಮರಿಯೂ ಇಲ್ಲ. ಆದರೆ ಒಪ್ಪದೆ ಇರುವವರು ಯಾರು?

ಸಣ್ಣಿ ಎಂಬ ಹೆಣ್ಣು ಹಕ್ಕಿ ಬಂದಳು. ಪಟ್ಟಿಯ ಮೇಲೆ ಕೂತು ಎರಡು ಸಲ ಜಗ್ಗಿದಳು.

“ಅಲ್ಲಾಡ್ತದೆ,” ಅಂದಳು.

“ಅದು ಅಲ್ಲಾಡೋದಲ್ಲ, ಲಯ!” ಅಂದ ದೇವು.

“ಲಯದೊಳಗೆ ಮೊಟ್ಟೆ ಇಡಕ್ಕಾಗಲ್ಲ ಮಾರಾಯ,” ಅಂದವಳೇ ಹಾರಿಹೋದಳು.

ದೇವುವಿನ ಮುಖ ಬಾಡಿತು. ಪಕ್ಕದ ಕೊಂಬೆಯಲ್ಲಿ ಹಿರಿಯ ಗೀಜಗ ಬೋರಣ್ಣ ತನ್ನ ಏಳನೆಯ ಗೂಡನ್ನು ಬಿಚ್ಚುತ್ತಿದ್ದ.

“ನಿಮ್ಮದನ್ನೂ ಒಪ್ಪಲಿಲ್ವಾ ಬೋರಣ್ಣ? ಆರು ವರ್ಷದ ಅನುಭವ ನಿಮ್ಮದು!”

“ಅನುಭವ ನಂದು ಕಣಪ್ಪ. ಮೊಟ್ಟೆ ಅವಳದು,” ಅಂದ ಬೋರಣ್ಣ, ಕೊಕ್ಕಿನಲ್ಲಿ ಎಳೆ ಕಚ್ಚಿಕೊಂಡೇ. “ನೀನೂ ಬಿಚ್ಚು. ಹಳೇ ನಾರಿನ ಗಂಟು ಎಲ್ಲಿ ಸಡಿಲ ಆಗಿದೆ ಅಂತ ಬಿಚ್ಚುವಾಗಲೇ ಗೊತ್ತಾಗೋದು.”

ಈ ಮಾತೆಲ್ಲ ಮರದ ಕೆಳಗಿದ್ದ ನರಿಯ ಕಿವಿಗೆ ಬಿತ್ತು. ನರಿಗೆ ಬಹುದಿನದ ಒಂದು ಕೊರಗಿತ್ತು. ಗಾಳಿಮಳೆಗೆ ಎಲ್ಲೋ ಒಂದು ಗೂಡು ಬಿದ್ದರೂ ಅದು ಕೆರೆಗೆ ಬೀಳುತ್ತಿತ್ತು. ಮೊಟ್ಟೆಗಳೆಲ್ಲ ಮೀನಿನ ಪಾಲು. ಇಷ್ಟು ವರ್ಷ ಮರದ ಕೆಳಗೆ ಕಾದರೂ ನರಿಗೆ ಸಿಕ್ಕಿದ್ದು ಜಾಲಿಮುಳ್ಳು ಮಾತ್ರ. ಅದು ಗಂಟಲು ಸರಿಮಾಡಿಕೊಂಡಿತು.

“ಅಯ್ಯೋ, ಇಂಥಾ ಕಲಾವಿದನಿಗೆ ಬಿಚ್ಚು ಅನ್ನೋರೂ ಇದ್ದಾರಲ್ಲ! ಮಗು, ಆ ಬೋರಣ್ಣ ಬರೀ ಹವ್ಯಾಸಿ. ತನ್ನ ಕೆಲಸದ ಮೇಲೆ ತನಗೇ ನಂಬಿಕೆಯಿಲ್ಲ. ಏಳು ಸಲ ಕಟ್ಟಿ ಏಳು ಸಲ ಬಿಚ್ಚೋನು ಪ್ರೊಫೆಷನಲ್ ಹೇಗಾಗ್ತಾನೆ? ವೃತ್ತಿಪರನ ಮೊದಲ ನೇಯ್ಗೆಯೇ ಕೊನೆಯ ನೇಯ್ಗೆ.”

ದೇವುವಿನ ಎದೆ ತಣ್ಣಗಾಯಿತು. ಐದು ದಿನದಲ್ಲಿ ಮೊದಲ ಬಾರಿಗೆ ಯಾರೋ ಸರಿಯಾದ ಮಾತಾಡಿದ್ದರು.

ಮರುದಿನವೇ ಮರದ ಬುಡದಲ್ಲಿ ನರಿಯ ನೇಯ್ಗೆ ಶಾಲೆ ಶುರುವಾಯಿತು. ಮೂರು ದಿನದ ಕೋರ್ಸು. ಹೆಣ್ಣುಗಳಿಂದ ಬೇಡ ಅನ್ನಿಸಿಕೊಂಡಿದ್ದ ಎಳೆಯ ಗೀಜಗಗಳೆಲ್ಲ ಸೇರಿದವು. ನರಿಗೆ ಒಂದು ಗಂಟು ಹಾಕಲೂ ಬರುತ್ತಿರಲಿಲ್ಲ. ಅದನ್ನು ಯಾರೂ ಕೇಳಲಿಲ್ಲ, ಏಕೆಂದರೆ ಎಲ್ಲರೂ ಅದನ್ನು ‘ಸರ್’ ಅನ್ನುತ್ತಿದ್ದರು.

“ಗೂಡನ್ನು ಯಾರೂ ಜಗ್ಗಿ ನೋಡಲು ಬಿಡಬೇಡಿ,” ಅಂದಿತು ನರಿ. “ಜಗ್ಗೋದು ಕಲೆಗೆ ಅವಮಾನ. ಇನ್ನೊಂದು ವಿಷಯ. ಕೆರೆ ಮೇಲೆ ನೇತುಹಾಕಿದರೆ ನೋಡೋರ್ಯಾರು, ಕಪ್ಪೆಗಳಾ? ಇನ್ನು ಮೇಲೆ ದಾರಿ ಕಡೆ ಕಟ್ಟಿ. ತಗ್ಗಿನ ಕೊಂಬೆಯಲ್ಲಿ ಕಟ್ಟಿ. ನಾಲ್ಕು ಜನರ ಕಣ್ಣಿಗೆ ಬೀಳಬೇಕು.”

ಬೋರಣ್ಣ ಮೇಲಿನಿಂದಲೇ ಕೂಗಿದ. “ಕಣ್ಣಿಗೆ ಬಿದ್ದಮೇಲೆ ಬಾಯಿಗೂ ಬೀಳ್ತದೆ, ನೋಡ್ಕೊಳ್ರಪ್ಪಾ!”

“ಹೊಟ್ಟೆಕಿಚ್ಚು,” ಅಂದಿತು ನರಿ. ವಿದ್ಯಾರ್ಥಿಗಳು ‘ಹೌದು ಸರ್’ ಎಂದು ತಲೆಯಾಡಿಸಿದರು. ದೇವುವಂತೂ ತನ್ನ ಗೂಡನ್ನು ಇಡಿಯಾಗಿ ಕಿತ್ತು, ಒಂದು ಎಳೆಯೂ ಬಿಚ್ಚದೆ, ದಾರಿಯ ಕಡೆಗೆ ಸಾಗಿಸಿ ಕಟ್ಟಿದ.

ಕೋರ್ಸು ಮುಗಿಯಿತು. ನರಿ ಘಟಿಕೋತ್ಸವ ಇಟ್ಟುಕೊಂಡಿತು. ಮುತ್ತುಗದ ಎಲೆಗೆ ಪಂಜಾ ಒತ್ತಿದರೆ ಪ್ರಮಾಣಪತ್ರ. ಜಿಂಕೆ, ಮೊಲ, ಕೋತಿ, ಕಾಡೆಮ್ಮೆ ಎಲ್ಲರಿಗೂ ಆಹ್ವಾನ ಹೋಯಿತು. ಅಷ್ಟು ಜನ ಸೇರುವಾಗ ನೆಲದ ಮೇಲೆ ಕೂರುವುದೇ? ನರಿ ತನ್ನ ಶಿಷ್ಯರಿಗೆ ಒಂದು ತೂಗುಪೀಠ ನೇಯಲು ಹೇಳಿತು.

“ಎಲ್ಲಿ ಕಟ್ಟೋಣ ಸರ್, ದಾರಿ ಕಡೆಗಾ?”

“ಛೆ, ಧೂಳು! ನೀರಿನ ಕಡೆ ಕಟ್ಟಿ. ಕೆಳಗೆ ನೆರಳು ಬಿದ್ದರೆ ಒಬ್ಬ ಸರ್ ಇಬ್ಬರಾಗಿ ಕಾಣಬೇಕು.”

ಶಿಷ್ಯರು ಒಂದೇ ಮಧ್ಯಾಹ್ನದಲ್ಲಿ ಪೀಠ ನೇಯ್ದು ಮುಗಿಸಿದರು. ಬಿಚ್ಚುವ ಮಾತೇ ಇಲ್ಲವಲ್ಲ, ಎಷ್ಟು ಹೊತ್ತು ಬೇಕು?

ಎಲ್ಲರೂ ಬಂದು ಕೂತರು. ನರಿ ಏರಿಯ ಅಂಚಿಗೆ ಬಂದು ನಿಂತಿತು. ಅಷ್ಟರಲ್ಲಿ ಸಣ್ಣಿ ಹಾರಿಬಂದು ಪೀಠದ ಮೇಲೆ ಕೂತು, ಅಭ್ಯಾಸಬಲದಿಂದ, ಒಂದು ಎಳೆ ಜಗ್ಗಿದಳು. ಅದು ಸಲೀಸಾಗಿ ಕೊಕ್ಕಿಗೇ ಬಂತು.

“ಇದು ಮೂರು ಮಾತಿನ ಭಾಷಣವನ್ನೂ ತಡೆಯಲ್ಲ,” ಅಂದಳು.

ಸಭೆ ಕಿಸಕ್ಕೆಂದಿತು. ದೇವು ಆ ಎಳೆಯನ್ನು ನೋಡಿದ. ಗಂಟು ಸಡಿಲವಿತ್ತು. ಆ ಗಂಟು ಅವನದೇ.

“ಸರ್, ಒಂದು ಗಳಿಗೆ ತಡೀರಿ,” ಅಂದ ಅವನು, ದನಿ ಕುಗ್ಗಿಸಿ. “ಬಿಚ್ಚಿ ಮತ್ತೆ ನೇಯ್ತೀವಿ.”

ನರಿಗೆ ಒಳಗೊಳಗೇ ಅಳುಕು. ಪೀಠವನ್ನು ನೋಡಿತು, ನೀರನ್ನು ನೋಡಿತು. ಆಮೇಲೆ ಸಭೆಯನ್ನು ನೋಡಿತು. ಇಡೀ ಕಾಡು ಕಿವಿ ನಿಮಿರಿಸಿ ಕೂತಿತ್ತು. ಬಿಚ್ಚಿ ಅಂದರೆ ಶಾಲೆಯೇ ಬಿಚ್ಚಿಹೋಗುತ್ತದೆ. ದಾರಿಯ ಕಡೆ ನೇತಾಡುವ ಗೂಡುಗಳೂ, ಅವುಗಳೊಳಗೆ ಬರಬೇಕಾದ ಮೊಟ್ಟೆಗಳೂ ಕೈಬಿಟ್ಟುಹೋಗುತ್ತವೆ.

“ವೃತ್ತಿಪರರ ಮೊದಲ ನೇಯ್ಗೆಯೇ ಕೊನೆಯ ನೇಯ್ಗೆ!” ಎಂದು ಕೂಗಿ ನರಿ ಪೀಠಕ್ಕೆ ಹಾರಿತು.

ಪೀಠ ಒಮ್ಮೆ ತೂಗಿತು. “ಪ್ರಿಯ ಶಿಷ್ಯರೇ,” ಅಂದಿತು ನರಿ. ಚಟ್! “ನಿಮ್ಮ ಸಾಧನೆ...” ಚಟ್, ಚಟ್! ಮೂರನೆಯ ಮಾತು ಹೊರಡುವ ಮೊದಲೇ ಸರ್ ಕೆರೆಯ ಕೆಸರಿನಲ್ಲಿದ್ದರು. ಕತ್ತಿನವರೆಗೆ ಹೂತಿದ್ದರು. ಒಂದು ಏಡಿ ಬಾಲವನ್ನು ಭದ್ರವಾಗಿ ಹಿಡಿದಿತ್ತು.

“ಮೂರ್ಖರಾ!” ಎಂದು ನರಿ ಕಿರುಚಿತು. “ಬೀಳಲಿ ಅಂತಲೇ ಆ ಗೂಡುಗಳನ್ನ ದಾರಿ ಕಡೆ ಕಟ್ಟಿಸಿದ್ದು! ನನ್ನ ಪೀಠಾನೂ ಹಾಗೇ ನೇಯಿರಿ ಅಂತ ಯಾರು ಹೇಳಿದ್ರು?”

ಕಾಡೆಮ್ಮೆ ಎದ್ದು, ಕೊಂಬು ತಗ್ಗಿಸಿಕೊಂಡು, ನಿಧಾನವಾಗಿ ನೀರಿಗಿಳಿಯಿತು. ನರಿ ಬಾಲದ ತುದಿಯನ್ನು ಏಡಿಗೇ ಬಿಟ್ಟು ಆಚೆ ದಡ ಹತ್ತಿ ಓಡಿತು. ಆ ಕಾಡಿನಲ್ಲಿ ಮತ್ತೆ ಅದನ್ನು ಯಾರೂ ‘ಸರ್’ ಅನ್ನಲಿಲ್ಲ, ಅನ್ನಲು ಅದು ಸಿಗಲೂ ಇಲ್ಲ.

ದೇವು ದಾರಿಯ ಕಡೆಯ ಕೊಂಬೆಗೆ ಹೋದ. ತನ್ನ ಗೂಡಿನ ಮುಂದೆ ಬಹಳ ಹೊತ್ತು ಕೂತ. ಎಡಗಡೆಯಿಂದ ಈಗಲೂ ಅದು ಚಂದವಾಗಿಯೇ ಇತ್ತು. ಕಣ್ಣುಮುಚ್ಚಿ ಮೊದಲ ಎಳೆ ಎಳೆದ. ಎದೆ ಚುರ್ರೆಂದಿತು. ಎರಡನೆಯ ಎಳೆ ಎಳೆಯುವಾಗ ಕಣ್ಣು ತೆರೆದಿದ್ದ. ಗಂಟು ಎಲ್ಲಿ ಸಡಿಲವಾಗಿತ್ತು ಎಂದು ಕಾಣಿಸಿತು.

ನೀರಿನ ಮೇಲೆ ಹೊಸದು ನೇಯ್ದ. ಸಣ್ಣಿ ಬಂದು ಜಗ್ಗಿ, “ಗಾಳಿ ಬರೋ ಕಡೆಗೇ ಬಾಯಿ ಇಟ್ಟಿದ್ದೀಯಲ್ಲ,” ಅಂದಳು. ದೇವು ಲಯದ ಮಾತೆತ್ತಲಿಲ್ಲ. ಬಿಚ್ಚಿದ. ಮತ್ತೊಂದು ನೇಯ್ದ. ಅದರ ಪಟ್ಟಿ ಸಪೂರವಾಯಿತು ಅಂದಳು. ಅದನ್ನೂ ಬಿಚ್ಚಿ ಇನ್ನೊಂದು ನೇಯ್ದ. ಬೋರಣ್ಣ ಪಕ್ಕದಲ್ಲಿ ತನ್ನ ಒಂಬತ್ತನೆಯದರಲ್ಲಿ ಮುಳುಗಿದ್ದ. ಇಬ್ಬರೂ ಮಾತಾಡುತ್ತಿರಲಿಲ್ಲ, ಇಬ್ಬರ ಬಾಯಲ್ಲೂ ನಾರು.

ಆಕಾಶ ಕಪ್ಪಾದ ದಿನ ಸಣ್ಣಿ ನಾಲ್ಕನೆಯ ಸಲ ಬಂದಳು. ಪಟ್ಟಿಯ ಮೇಲೆ ಕೂತಳು. ಜಗ್ಗಿದಳು. ತಲೆಕೆಳಗಾಗಿ ನೇತಾಡಿ ಜಗ್ಗಿದಳು. ಏನೂ ಹೇಳಲಿಲ್ಲ. ದೇವು ಬಿಚ್ಚಲು ಎಂದು ಒಂದು ಎಳೆಗೆ ಬಾಯಿ ಹಾಕಿದ.

“ಏಯ್, ಮುಟ್ಟಿದ್ರೆ ನೋಡು!” ಅಂದಳು ಸಣ್ಣಿ. “ಮಳೆ ತಲೆಮೇಲೆ ಬಂದಿದೆ. ಉಳಿದರ್ಧ ಯಾವಾಗ ನೇಯ್ತೀಯಾ?”

ನೀತಿ: ತಾನು ಮಾಡಿದ್ದನ್ನು ಮೆಚ್ಚಿಕೊಳ್ಳುವುದು ಎಲ್ಲರಿಗೂ ಬರುತ್ತದೆ, ಅದನ್ನು ಬಿಚ್ಚಿ ಮತ್ತೆ ಮಾಡಬಲ್ಲವನೇ ನಿಜವಾದ ಕಸುಬುದಾರ.