ಹೊಳೆಯ ಫೋಟೋದಲ್ಲಿ ಇಲ್ಲದ್ದು

"ಹೊನ್ನಗಡದ ಸಮಸ್ತರಿಗೂ ಮಲ್ಲರಸ ದೊರೆಗಳ ಅಪ್ಪಣೆ. ರಾಜಕುಮಾರಿ ನೀಲಾಜಮ್ಮಣ್ಣಿಯವರು ಮೂರು ಒಗಟು ಕೇಳುತ್ತಾರೆ. ಉತ್ತರ ಸರಿಯೋ ತಪ್ಪೋ ಎಂದು ಅವರೇ ಹೇಳುತ್ತಾರೆ. ಮೂರನೆಯದನ್ನು ಬಿಡಿಸಿದವನು ಬೇಡಿದ್ದನ್ನು ಪಡೆಯುತ್ತಾನೆ. ಅಮ್ಮಣ್ಣಿಯವರನ್ನು ಮದುವೆಗೂ ಕೇಳಬಹುದು. ತಪ್ಪು ಹೇಳಿದವನು ನೆಲಮಾಳಿಗೆಯ ಕತ್ತಲಕೋಣೆಯಲ್ಲಿ ಅರಮನೆಯ ಫೋಟೋಗಳನ್ನು ತೊಳೆಯುತ್ತ, ಸಾಯುವ ತನಕ ಅಲ್ಲಿಯೇ ಇರತಕ್ಕದ್ದು."

ಡಂಗುರ ಊರೆಲ್ಲ ಸುತ್ತಿತು. ಅದನ್ನು ಕೇಳಿ ನಗುವವರು ಯಾರೂ ಇರಲಿಲ್ಲ. ನೆಲಮಾಳಿಗೆಗೆ ಇಳಿದವರಾರೂ ಮೇಲೆ ಬಂದಿರಲಿಲ್ಲ. ಸಂತೆಗಳಲ್ಲಿ ಫೋಟೋ ತೆಗೆದು ಹೊಟ್ಟೆ ಹೊರೆಯುತ್ತಿದ್ದ ಸಣ್ಣೀರನ ಅಣ್ಣ ದೊಡ್ಡೀರನೂ ಕಳೆದ ಯುಗಾದಿಯಂದು ಅಲ್ಲಿಗೆ ಇಳಿದವನೇ. ಅಣ್ಣನನ್ನು ಬಿಡಿಸಿಕೊಳ್ಳಲು ಬೇರೆ ದಾರಿ ಕಾಣದೆ ಸಣ್ಣೀರ ಅರಮನೆಯ ಮೆಟ್ಟಿಲು ಹತ್ತಿದ.

ರಾಜಕುಮಾರಿಯ ಮಹಡಿಯೂ ಒಂದು ಸೆರೆಯೇ. ಬೆಳ್ಳಂದಿ ಹೊಳೆಯಲ್ಲಿ ರಾಣಿ ಮುಳುಗಿ ತೀರಿಕೊಂಡ ಮೇಲೆ ದೊರೆ ಮಗಳನ್ನು ಕೆಳಗೆ ಇಳಿಯಗೊಡಲಿಲ್ಲ. ಹೊಳೆ ನೋಡಬೇಕೆಂದು ಆಕೆ ಅತ್ತಾಗ ಹೊಳೆಯ ಫೋಟೋ ತೆಗೆಸಿ ಕೊಟ್ಟರು. ಮತ್ತೆ ಅತ್ತಾಗ ಅದಕ್ಕಿಂತ ದೊಡ್ಡದನ್ನು ಕೊಟ್ಟರು. ಗೋಡೆಯ ತುಂಬ ಅದೇ ಹೊಳೆ, ಅದೇ ಕೋಡುಗಲ್ಲು ಬೆಟ್ಟ.

ಅಂದು ಬಂದವರು ಮೂವರು: ಪಾಳೆಯಗಾರರ ಮಗ ಜಗದಪ್ಪ ನಾಯಕ, ಆಸ್ಥಾನದ ನರಹರಿ ಪಂಡಿತ, ಸಣ್ಣೀರ. ಅವರು ಒಳಗೆ ಬಂದ ಕೂಡಲೇ ಬಾಗಿಲಿಗೆ ಹೊರಗಿನಿಂದ ಅಗುಳಿ ಬಿತ್ತು. ಒಳಗೆ ಮಗಳ ಪಕ್ಕದಲ್ಲಿ ದೊರೆಯೂ ಕುಳಿತಿದ್ದರು.

"ಮೊದಲನೆಯದು," ಎಂದಳು ನೀಲಾಜಮ್ಮಣ್ಣಿ. "ನಾಲ್ಕು ಗೋಡೆ, ಒಂದಕ್ಕೂ ಕಲ್ಲಿಲ್ಲ. ಹೊಳೆ ಒಳಗೆ ಬರುತ್ತದೆ, ಆಚೆ ಹೋಗುವುದನ್ನು ಕಂಡವರಿಲ್ಲ. ಬೆಟ್ಟವನ್ನೂ ಕತ್ತರಿಸುವಷ್ಟು ಹರಿತ, ಆದರೆ ಬೆರಳಿಗೆ ಗಾಯವಾಗದು."

"ಇದಕ್ಕೇನು ಯೋಚನೆ? ನಮ್ಮ ಕೋಟೆಯ ಕಂದಕ," ಎಂದ ಜಗದಪ್ಪ.

"ಕಂದಕಕ್ಕೆ ಕಲ್ಲು ಕಟ್ಟಿದೆ, ನಾಯಕರೆ."

ಬಾಗಿಲು ತೆರೆಯಿತು, ಜಗದಪ್ಪನನ್ನು ನುಂಗಿ ಮುಚ್ಚಿಕೊಂಡಿತು.

"ಫೋಟೋದ ಅಂಚು, ಅಮ್ಮಣ್ಣಿ," ಎಂದ ಸಣ್ಣೀರ. "ಅದನ್ನ ಎಲ್ಲಿ ಹಾಕಬೇಕು ಅನ್ನೋದೇ ನಮ್ಮ ಕಸುಬು. ಒಂದು ಬೆರಳು ಆಚೆ ಹಾಕಿದ್ರೆ ಹೊಳೆ ಇನ್ನೂ ಮುಂದಕ್ಕೆ ಹೋಗೋ ಹಾಗೆ ಕಾಣುತ್ತೆ. ಈಚೆ ಹಾಕಿದ್ರೆ ಕೆರೆಯಾಗಿ ನಿಂತುಬಿಡುತ್ತೆ."

"ಸರಿ. ಎರಡನೆಯದು. ಎಲ್ಲಕ್ಕಿಂತ ಚಿಕ್ಕದು. ಬೆಟ್ಟವನ್ನು ಹತ್ತುವುದಿಲ್ಲ, ಮುಟ್ಟುವುದೂ ಇಲ್ಲ. ಆದರೂ ಅದಿದ್ದರೆ ಬೆಟ್ಟ ಬೆಳೆಯುತ್ತದೆ, ತೆಗೆದರೆ ಹುತ್ತದಷ್ಟಾಗುತ್ತದೆ."

ಪಂಡಿತ ಗೋಡೆಯ ಫೋಟೋಗಳತ್ತ ಒಮ್ಮೆ ನೋಡಿ ನಿಧಾನವಾಗಿ ಹೇಳಿದ: "ಹೊಳೆಯ ಮೇಲೆ ಹರಿಗೋಲಿನಲ್ಲಿ ಕುಳಿತ ಅಂಬಿಗ. ಅವನ ಅಳತೆ ಹಿಡಿದೇ ನಮ್ಮ ಕಣ್ಣು ಬೆಟ್ಟವನ್ನು ಅಳೆಯುವುದು."

"ಸರಿ," ಎಂದಳು ಆಕೆ. ಸಣ್ಣೀರನ ಬಾಯಲ್ಲೂ ಅದೇ ಉತ್ತರವಿತ್ತು, ಆದರೆ ತಡವಾಯಿತು. ಪಂಡಿತ ಗೆದ್ದರೆ ಅಣ್ಣನ ಮಾತು ಎತ್ತುವವರಿಲ್ಲ ಎಂದು ಅವನಿಗೆ ಅರಿವಾಯಿತು.

ರಾಜಕುಮಾರಿ ಕಿಟಕಿಯ ಬಳಿಗೆ ಹೋಗಿ ಒಂದು ದೊಡ್ಡ ಫೋಟೋ ಎತ್ತಿ ಹಿಡಿದಳು. "ಇದನ್ನು ತೆಗೆದದ್ದು ಇದೇ ಕಿಟಕಿಯಿಂದ. ನಾನು ಇಲ್ಲಿಂದ ನೋಡುವುದೆಲ್ಲ ಇದರಲ್ಲಿದೆ, ಒಂದನ್ನು ಬಿಟ್ಟು. ಕಣ್ಣು ತೆರೆದರೆ ನನಗೆ ಮೊದಲು ಕಾಣುವುದು ಅದೇ. ಅದನ್ನು ತೆಗೆದುಹಾಕಿದ್ದಾರೆ. ಏನದು?"

ಪಂಡಿತ ಕಿಟಕಿಯನ್ನು ನೋಡಿದ. ದೊರೆಯ ಮುಖ ನೋಡಿದ. ಅವನಿಗೆ ಉತ್ತರ ತಿಳಿದಿತ್ತು ಎಂಬುದು ಅವನ ಹಣೆಯ ಬೆವರಿನಿಂದಲೇ ಗೊತ್ತಾಗುತ್ತಿತ್ತು. ಆದರೂ "ಬಣ್ಣ" ಎಂದ.

"ಬಣ್ಣವನ್ನು ಯಾರೂ ತೆಗೆಯಲಿಲ್ಲ, ಪಂಡಿತರೆ. ಅದು ಮೊದಲಿನಿಂದಲೂ ಬಂದಿರಲಿಲ್ಲ."

ಪಂಡಿತ ತಲೆ ತಗ್ಗಿಸಿ ತಾನಾಗಿಯೇ ಬಾಗಿಲಿನತ್ತ ನಡೆದ. ಹೋಗುವಾಗ ಸಣ್ಣೀರನ ಕಿವಿಯಲ್ಲಿ, "ನೀನೂ ಬಣ್ಣ ಅಂತಲೇ ಹೇಳು ಮಾರಾಯ. ಕೆಳಗೆ ಕತ್ತಲೆಯಾದರೂ ಕತ್ತು ಉಳಿಯುತ್ತದೆ," ಎಂದ.

ಸಣ್ಣೀರ ಫೋಟೋ ಕೈಗೆ ತೆಗೆದುಕೊಂಡ. "ಕಂಬಿ, ಅಮ್ಮಣ್ಣಿ. ಈ ಕಿಟಕಿಯ ಕಬ್ಬಿಣದ ಕಂಬಿ."

ಹೊನ್ನಗಡದಲ್ಲಿ ದೊರೆಯ ಎದುರು ಆ ಮಾತನ್ನು ಯಾರೂ ಆಡುತ್ತಿರಲಿಲ್ಲ.

"ನನ್ನ ಮಗಳಿಗೆ ಕಂಬಿ ಹಾಕಿದ್ದೇನೆ ಅನ್ನುತ್ತೀಯೋ?" ಎಂದರು ಮಲ್ಲರಸರು. ದನಿ ಏರಿರಲಿಲ್ಲ. ಅದೇ ಹೆಚ್ಚು ಭಯ ತರುವಂತಿತ್ತು.

"ನಾನು ಅನ್ನೋದಲ್ಲ ಬುದ್ಧಿ, ಫೋಟೋ ಅನ್ನುತ್ತೆ. ಇಲ್ಲಿ ನೋಡಿ, ಹೊಳೆಯ ಅಲೆಯೆಲ್ಲ ಅಡ್ಡಡ್ಡ ಇದೆ. ಈ ಒಂದು ಪಟ್ಟೆಯಲ್ಲಿ ಮಾತ್ರ ನೀರು ಮೇಲಿಂದ ಕೆಳಕ್ಕೆ ಬಿದ್ದಿದೆ. ಕಂಬಿ ಅಳಿಸಿದವರು ಅವಸರದಲ್ಲಿ ಕುಂಚವನ್ನ ಕಂಬಿಯ ದಾರಿಯಲ್ಲೇ ಎಳೆದಿದ್ದಾರೆ."

"ಇದು ಉತ್ತರವಲ್ಲ, ಅಧಿಕಪ್ರಸಂಗ."

"ಅಪ್ಪಾಜಿ," ಎಂದಳು ನೀಲಾಜಮ್ಮಣ್ಣಿ, "ಸರಿ ತಪ್ಪು ಹೇಳುವುದು ನನಗೆ ಸೇರಿದ್ದು ಎಂದು ಊರಿಗೆಲ್ಲ ಸಾರಿಸಿದವರು ನೀವು. ಉತ್ತರ ಸರಿ."

ಆಡಿದ ಮಾತು ದೊರೆಯ ಸುತ್ತಲೂ ಗೋಡೆಯಂತೆ ನಿಂತಿತ್ತು. ಕೊನೆಗೆ, "ಹೊಳೆ ನಿನ್ನ ತಾಯಿಯನ್ನು ಕೊಂಡುಹೋಯಿತು, ಮಗಳೇ," ಎಂದರು.

"ಹೌದು. ನನ್ನನ್ನು ಕೊಂಡುಹೋದದ್ದು ಈ ಮಹಡಿ."

ಮಲ್ಲರಸರು ಸಣ್ಣೀರನತ್ತ ತಿರುಗಿದರು. "ಏನು ಬೇಕು, ಬೇಡು."

"ನೆಲಮಾಳಿಗೆಯ ಬಾಗಿಲು ತೆಗೆಸಿ, ಬುದ್ಧಿ. ಅಲ್ಲಿರೋರೆಲ್ಲ ಮನೆಗೆ ಹೋಗಲಿ. ನಮ್ಮಣ್ಣನೂ ಅಲ್ಲಿದ್ದಾನೆ."

"ಮದುವೆಯ ಮಾತು?"

"ಅದನ್ನ ಅಮ್ಮಣ್ಣಿಯವರೇ ಹೇಳಬೇಕು."

"ಮೊದಲು ಕೆಳಗೆ ಇಳಿಯುತ್ತೇನೆ," ಎಂದಳು ಆಕೆ.

ಕತ್ತಲಕೋಣೆಯಿಂದ ಹೊರಬಂದವರು ಬಿಸಿಲಿಗೆ ಕಣ್ಣು ಮುಚ್ಚಿಕೊಂಡು ಅಂಗಳದಲ್ಲಿ ನಿಂತರು. ದೊಡ್ಡೀರ ತಮ್ಮನ ಭುಜ ಹಿಡಿದು, "ಉತ್ತರ ನನಗೂ ಗೊತ್ತಿತ್ತು ಕಣೋ, ಹೇಳೋಕೆ ಬಾಯಿ ಬರಲಿಲ್ಲ," ಎಂದ.

ನೀಲಾಜಮ್ಮಣ್ಣಿ ಹೊಳೆಯ ದಡದಲ್ಲಿ ನಾಲ್ಕು ಹೆಜ್ಜೆ ನಡೆದು ನಿಂತಳು, ಮತ್ತೆ ನಡೆದಳು. "ನಾನು ನಡೆದರೆ ಕೋಡುಗಲ್ಲೂ ಜರುಗುತ್ತದಲ್ಲ," ಎಂದಳು. ಒಂದೇ ಕಿಟಕಿಯಿಂದ ನೋಡಿದವಳಿಗೆ ಬೆಟ್ಟ ಎಂದೂ ಜಾಗ ಬಿಟ್ಟಿರಲಿಲ್ಲ.

ಸಣ್ಣೀರ ಕ್ಯಾಮೆರಾ ನಿಲ್ಲಿಸಿ, "ಅಮ್ಮಣ್ಣಿ, ಸ್ವಲ್ಪ ಅಲ್ಲಾಡದೆ ನಿಲ್ಲಿ, ಇಲ್ಲಾಂದ್ರೆ ಫೋಟೋದಲ್ಲಿ ಕಲಸಿಹೋಗ್ತೀರಿ," ಎಂದ.

"ನಿಂತದ್ದು ಸಾಕು," ಎಂದು ಆಕೆ ನಡೆಯುತ್ತಲೇ ಹೋದಳು.

ಆ ಫೋಟೋದಲ್ಲಿ ಹೊಳೆ, ಬೆಟ್ಟ ಎರಡೂ ಸ್ಪಷ್ಟವಾಗಿವೆ. ದಡದ ಮೇಲೆ ಹೊಗೆಯಂಥ ಒಂದು ಬಿಳಿ ಗೆರೆಯಿದೆ. ಅದನ್ನು ಅಳಿಸಬೇಡಿ ಎಂದು ದೊರೆಯೇ ಹೇಳಿದರಂತೆ. ಮದುವೆಯಾಯಿತೇ ಎಂದು ಕೇಳುವವರಿಗೆ: ಆಯಿತು, ಆದರೆ ಆಕೆ ಹೊಳೆಯ ಮೂಲದ ತನಕ ಹೋಗಿ, ನೋಡಿ, ಹಿಂದಿರುಗಿದ ಮೇಲೆ.